ಮಲೆನಾಡಿನ ಆನ್‌ಲೈನ್ ಪಾಠ: ಮೊದಲು ದನಿ, ಆಮೇಲೆ ಚಿತ್ರ

ಜುಲೈ ಬಂತೆಂದರೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಶಾಲೆಗಳಿಗೆ ಮಳೆ ರಜೆ ಹೊಸದಲ್ಲ. ಹಳ್ಳ ತುಂಬುತ್ತದೆ, ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ಹೋಗುತ್ತದೆ. ಅಂಥ ದಿನ ಪಾಠವನ್ನು ಮೊಬೈಲಿನಲ್ಲೇ ಮುಗಿಸೋಣವೆಂದು ಹೊರಟ ಶಿಕ್ಷಕರಿಗೆ ಮೊದಲು ಎದುರಾಗುವ ಮಾತು: ‘ಸರ್, ವಾಯ್ಸ್ ಕಟ್ ಆಗ್ತಿದೆ.’

2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಇಲ್ಲಿ ತಗ್ಗಿನಲ್ಲಿ ಗದ್ದೆ, ಗದ್ದೆಯಂಚಿಗೆ ಮನೆ, ಸುತ್ತ ಕಾಫಿ ತೋಟ. ಟವರಿನ ತರಂಗಕ್ಕೆ ಗುಡ್ಡವೇ ಅಡ್ಡ. ಆದರೆ ಕಾಡಾನೆ ತಿರುಗಾಡುವ ಸೀಮೆಯಲ್ಲಿ ಪಾಠಕ್ಕೆಂದು ಮಕ್ಕಳನ್ನು ಗುಡ್ಡ ಹತ್ತಿಸಬಾರದು. ಮನೆಯ ಜಗುಲಿಯಲ್ಲಿ ಸಿಗುವ ಎರಡು ಕಡ್ಡಿ ಸಿಗ್ನಲ್‌ನಲ್ಲೇ ಪಾಠ ತಲುಪಬೇಕು. ಅದಕ್ಕೆ ದಾರಿಯಿದೆ.

ಲೆಕ್ಕ ಏನು ಹೇಳುತ್ತದೆ?

ಜೂಮ್‌ನಂಥ ಆ್ಯಪ್‌ನಲ್ಲಿ ಬರೀ ಮಾತಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ವಿಡಿಯೊ ಚೆನ್ನಾಗಿ ಕಾಣಬೇಕಾದರೆ 600 ಕಿಲೋಬಿಟ್ ಬೇಕು. 45 ನಿಮಿಷದ ತರಗತಿಗೆ ಮಾತು 30 ಎಂಬಿಯೊಳಗೆ ಮುಗಿದರೆ, ವಿಡಿಯೊ 200 ಎಂಬಿ ನುಂಗುತ್ತದೆ. ಇನ್ನೊಂದು ಸಂಗತಿ: ಟವರಿನ ಮಾತು ನಮಗೆ ಕೇಳಿಸಿದಷ್ಟು ಸುಲಭವಾಗಿ ನಮ್ಮ ಮಾತು ಟವರಿಗೆ ಮುಟ್ಟುವುದಿಲ್ಲ. 4ಜಿ ಮೊಬೈಲ್ ಸಾಮಾನ್ಯವಾಗಿ ಹೊರಡಿಸುವ ಶಕ್ತಿ ಹೆಚ್ಚೆಂದರೆ 0.2 ವ್ಯಾಟ್. ಆದ್ದರಿಂದ ಹಾಜರಿಗಾಗಿ ಮಕ್ಕಳ ಕ್ಯಾಮೆರಾ ಕಡ್ಡಾಯ ಮಾಡಿದರೆ ದುರ್ಬಲ ಸಿಗ್ನಲ್ ಇರುವ ಮಗುವೇ ಮೊದಲು ತರಗತಿಯಿಂದ ಹೊರಬೀಳುತ್ತದೆ. ಹೆಸರು ಕರೆದು, ಓಗೊಟ್ಟ ದನಿಗೆ ಹಾಜರಿ ಹಾಕಿದರೆ ಸಾಕು.

ಮಳೆಯ ಸದ್ದಿನ ನಡುವೆ

ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಮೊಬೈಲನ್ನು ಮೇಜಿನ ಮೇಲಿಟ್ಟು ಕೂಗಿದರೆ ಮಕ್ಕಳಿಗೆ ಮಳೆಯೇ ಕೇಳಿಸುತ್ತದೆ. ಇಯರ್‌ಫೋನ್‌ನ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದುಕೊಳ್ಳಬೇಕು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ದನಿಯ ತೀವ್ರತೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಮಳೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಮಾತಾಡದವರ ಮೈಕ್ ಮ್ಯೂಟ್ ಆಗಿರಲಿ. ಒಂದೇ ಮನೆಯ ಅಕ್ಕ ತಮ್ಮ ಒಂದೇ ತರಗತಿಗೆ ಎರಡು ಮೊಬೈಲ್ ತೆರೆದು ಕೂತರೆ ಪ್ರತಿಧ್ವನಿ ಖಂಡಿತ. ಒಂದನ್ನು ಆಫ್ ಮಾಡಿಸಿ.

ದನಿಯಲ್ಲೇ ಕಲಿಸುವುದನ್ನು ಆಕಾಶವಾಣಿಯ ‘ಕೇಳಿ-ಕಲಿ’ ಕಾರ್ಯಕ್ರಮ ನಮಗೆ ತೋರಿಸಿಕೊಟ್ಟಿದೆ. ರೇಡಿಯೊ ಪಾಠದ ಗುಟ್ಟು ಸರಳ: ಪುಟದ ಸಂಖ್ಯೆ ಮೊದಲೇ ಹೇಳುವುದು, ಚಿಕ್ಕ ವಾಕ್ಯ, ಪ್ರಶ್ನೆ ಕೇಳಿ ಉತ್ತರಕ್ಕೆ ಬಿಡುವು ಕೊಡುವುದು. ನೆಟ್‌ವರ್ಕ್ ತಡವಾಗಿ ಮಾತು ತಲುಪಿಸುವಾಗ ಈ ಬಿಡುವು ಇನ್ನೂ ಮುಖ್ಯ. ಮೌನ ಕಂಡ ಕೂಡಲೇ ‘ಅರ್ಥವಾಯಿತಲ್ಲ’ ಎಂದು ಮುಂದೆ ಓಡಬಾರದು.

ಚಿತ್ರ ಯಾವಾಗ?

ಹಾಗೆಂದು ಚಿತ್ರ ಬೇಡವೆಂದಲ್ಲ. ಪರಾಗಸ್ಪರ್ಶದ ಪಾಠವನ್ನೇ ನೋಡಿ. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಬೇಸಿಗೆಯ ಹೂಮಳೆಗೆ ಅರಳಿದ ಕಾಫಿ ಹೂವು ಜುಲೈಯಲ್ಲಿ ತೋಟದಲ್ಲಿಲ್ಲ; ಚಿತ್ರವೇ ತೋರಿಸಬೇಕು. ಅದನ್ನು ಹಿಂದಿನ ಸಂಜೆಯೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಟ್ಟರೆ ತರಗತಿಯ ಹೊತ್ತಿಗೆ ಎಲ್ಲರ ಕೈಯಲ್ಲಿರುತ್ತದೆ. ಶಿಕ್ಷಕರು ಮಾತಿನಲ್ಲೇ ಕೇಸರ ಯಾವುದು, ಶಲಾಕೆ ಯಾವುದು ಎಂದು ತೋರಿಸುತ್ತಾ ಹೋಗಬಹುದು. ಚಿತ್ರದ ಜೊತೆ ಮಾತು ಸೇರಿದರೆ ಕಲಿಕೆ ಗಟ್ಟಿ, ಅದೇ ಮಾತನ್ನು ಪರದೆಯ ಮೇಲೂ ಬರೆದಿಟ್ಟು ಓದಿದರೆ ಗಮನ ಚೆದುರುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ಲೈವ್ ವಿಡಿಯೊವನ್ನು ಕೈಯ ಕೆಲಸಕ್ಕೆ ಮೀಸಲಿಡಿ: ಕೈವಾರದಿಂದ ಕೋನ ರಚಿಸುವುದು, ಪ್ರಯೋಗ ಮಾಡಿ ತೋರಿಸುವುದು. ಆಗ ಬೆಳಕು ಎದುರಿನ ಕಿಟಕಿಯಿಂದ ಬರಲಿ. ಐದು ನಿಮಿಷ ತೋರಿಸಿ, ಮತ್ತೆ ದನಿಗೆ ಮರಳಿ.

ಫೋನಿಲ್ಲದ ಮನೆಗೆ

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವ ಒಂದು ಮೊಬೈಲೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. 2020ರ ಆಗಸ್ಟ್‌ನಲ್ಲಿ ಆರಂಭವಾದ ರಾಜ್ಯ ಸರ್ಕಾರದ ‘ವಿದ್ಯಾಗಮ’ ಯೋಜನೆ ಇಂಥ ಮಕ್ಕಳನ್ನು ಕಂಡೇ ಶಿಕ್ಷಕರನ್ನು ಊರೂರಿಗೆ ಕಳಿಸಿತ್ತು. ಆ ಪಾಠ ಮರೆಯಬಾರದು. ತರಗತಿಯ ದನಿಯನ್ನು ರೆಕಾರ್ಡ್ ಮಾಡಿ ಸಂಜೆಗೆ ಕಳಿಸಿ, ಅಪ್ಪ ಬಂದ ಮೇಲೆ ಮಗು ಕೇಳಲಿ. ಶಾಲೆ ತೆರೆದ ದಿನ ಮೊದಲ ಪಿರಿಯಡ್ ಅದೇ ಪಾಠಕ್ಕೆ ಮೀಸಲಿರಲಿ. ಆನ್‌ಲೈನ್ ತರಗತಿ ಎಷ್ಟು ಅಂದವಾಗಿ ಕಂಡಿತು ಎನ್ನುವುದಕ್ಕಿಂತ ಎಷ್ಟು ಮಕ್ಕಳಿಗೆ ಮುಟ್ಟಿತು ಎನ್ನುವುದನ್ನು ಶಾಲೆಗಳೂ ಇಲಾಖೆಯೂ ಲೆಕ್ಕ ಇಡಬೇಕು.