ಎಣ್ಣೆಬಾವಿಯ ಲೋಳೆ

1901ರ ಜನವರಿಯಲ್ಲಿ ಟೆಕ್ಸಸ್‌ನ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ಎಣ್ಣೆ ಮುಗಿಲೆತ್ತರಕ್ಕೆ ಚಿಮ್ಮಿತು. ಅದಕ್ಕೆ ಮೊದಲು ಕೊರೆದ ಕುಳಿಯೊಳಗೆ ಮರಳು ಕುಸಿಯುತ್ತಲೇ ಇತ್ತು. ಕೊರೆಯುತ್ತಿದ್ದ ಹ್ಯಾಮಿಲ್ ಸೋದರರು ಹೊಂಡಕ್ಕೆ ದನ ಇಳಿಸಿ, ತುಳಿಸಿ, ಆ ರಾಡಿಯನ್ನು ಬಾವಿಗೆ ಹರಿಸಿದರಂತೆ. ಗೋಡೆ ನಿಂತಿತು.

ಆ ರಾಡಿಯ ಕೆಲಸ ಇಂದಿಗೂ ಅದೇ: ಗೋಡೆ ಹಿಡಿಯುವುದು, ಕೊರೆಯುವ ಮೊನೆಯಾದ ಬಿಟ್ಟನ್ನು ತಣ್ಣಗಿಡುವುದು, ಕಲ್ಲುಪುಡಿಯನ್ನು ಮೇಲೆ ತರುವುದು. ಆದರೆ ಎಣ್ಣೆ ಇರುವ ಪದರ ಮುಟ್ಟಿದಾಗ ರಾಡಿಯಲ್ಲಿನ ಜೇಡಿಯ ನುಣುಪು ಕಣಗಳು ಬಂಡೆಯ ರಂಧ್ರಗಳಲ್ಲಿ ಸಿಕ್ಕಿಕೊಂಡು ಎಣ್ಣೆಯ ದಾರಿಯನ್ನೇ ಮುಚ್ಚುತ್ತವೆ. ಅಲ್ಲಿ ಜೇಡಿಯ ಬದಲು ನೀರನ್ನು ಮಂದಗೊಳಿಸುವ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು, ಬೇಕು.

ಕೊರೆತಕ್ಕೆ ನನ್ನ ಮೆಚ್ಚಿನದು ಕ್ಸಾಂಥನ್ ಗೋಂದು. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾ ಇದನ್ನು ಸ್ರವಿಸುತ್ತದೆ. ಒಂದು ಲೀಟರ್ ನೀರಿಗೆ ಐದು ಗ್ರಾಂ ಬೆರೆಸಿ, ಚಿಟಿಕೆ ಮರಳು ಹಾಕಿ ಬಾಟಲಿ ಕುಲುಕಿ ನೋಡಿ. ಕುಲುಕುವಾಗ ಸಲೀಸಾಗಿ ಹರಿಯುತ್ತದೆ. ಇಟ್ಟ ಕೂಡಲೇ ಮರಳ ಕಣಗಳೂ ಗಾಳಿಗುಳ್ಳೆಗಳೂ ನಡುನೀರಲ್ಲಿ ನಿಂತುಬಿಡುತ್ತವೆ. ಅದರ ಅಣುಗಳು ಬಿರುಸಾದ ಕಡ್ಡಿಗಳಂತೆ. ರಭಸದಲ್ಲಿ ಸಾಲಾಗಿ ಮಲಗುತ್ತವೆ, ನಿಂತಾಗ ಅಡ್ಡಾದಿಡ್ಡಿ ಹೆಣೆದುಕೊಳ್ಳುತ್ತವೆ. ಪಂಪು ನಿಂತರೂ ಕಲ್ಲುಪುಡಿ ತಳಕ್ಕೆ ಬೀಳದಿರುವುದು ಇದರಿಂದಲೇ.

ಹೆಚ್‌ಇಸಿ, ಅಂದರೆ ಸೆಲ್ಯುಲೋಸ್‌ನಿಂದ ಮಾಡಿದ ಪಾಲಿಮರ್, ಈ ಕೆಲಸಕ್ಕೆ ಒದಗುವುದಿಲ್ಲ. ಜೇನಿನಂತೆ ಮಂದವಾದರೂ ಅದರಲ್ಲಿ ಮರಳು ಮೆಲ್ಲಗೆ ಇಳಿದೇ ಇಳಿಯುತ್ತದೆ. ಆದರೆ ಬಾವಿ ಸಜ್ಜುಗೊಳಿಸುವ ಕೊನೆಯ ಹಂತಕ್ಕೆ ಅದು ಹೇಳಿಮಾಡಿಸಿದಂತಿದೆ: ತಿಳಿ ಉಪ್ಪುನೀರಿನಲ್ಲಿ ಕರಗುತ್ತದೆ, ಆಮ್ಲ ತಾಗಿದರೆ ಮುರಿಯುತ್ತದೆ, ಹಿಂದೆ ಕಸವನ್ನು ಅಷ್ಟಾಗಿ ಬಿಡುವುದಿಲ್ಲ.

ಎಣ್ಣೆ ಹರಿದು ಬರಲೆಂದು ಬಂಡೆ ಬಿರುಕುಗೊಳಿಸುವ ಕೆಲಸಕ್ಕೆ ಗ್ವಾರ್ ಬಂತು. ಅದು ಬೇರೆಯೇನಲ್ಲ, ನಮ್ಮ ಗೋರಿಕಾಯಿ, ಉತ್ತರ ಕರ್ನಾಟಕದ ಚವಳಿಕಾಯಿ. ನಾವು ಎಳೆಕಾಯಿ ಪಲ್ಯ ಮಾಡುತ್ತೇವೆ; ಎಣ್ಣೆಬಾವಿಯವರಿಗೆ ಬೇಕಾದದ್ದು ಬಲಿತ ಬೀಜದ ಅಂಟು. ಬೋರೇಟ್ ಬೆರೆತರೆ ಅದು ನಾಲಗೆಯಂತೆ ಜೋತಾಡುವ ಗಟ್ಟಿ ಲೋಳೆಯಾಗುತ್ತದೆ. ಅಮೆರಿಕದಲ್ಲಿ ಶೇಲ್ ಎಂಬ ಪದರುಗಲ್ಲಿಗೆ ಕೊರೆದ ಬಾವಿಗಳ ಬೇಡಿಕೆಯಿಂದ 2012ರ ಹೊತ್ತಿಗೆ ರಾಜಸ್ಥಾನದ ರೈತರು ಇದರ ಬೆಲೆ ಗಗನಕ್ಕೇರಿದ್ದನ್ನು ಕಂಡರು. ಕಿಣ್ವ ಹಾಕಿ ಮುರಿದ ಮೇಲೂ ಗ್ವಾರ್ ಒಂದಿಷ್ಟು ಕರಗದ ಚರಟ ಉಳಿಸುವುದೊಂದು ಕೊರತೆ.

ಕೊರೆಯುವಾಗ ಬಾವಿಗೋಡೆಗೆ ಸೋರಿಕೆ ತಡೆಯುವ ತೆಳು ಪದರ ಕಟ್ಟಬೇಕು, ಮುಗಿದ ಮೇಲೆ ಅದೇ ಪದರ ತೊಲಗಬೇಕು. ಅದಕ್ಕೇ ಜೇಡಿಯ ಬದಲು ಅಮೃತಶಿಲೆಯ ಪುಡಿ ಬೆರೆಸುತ್ತಾರೆ. ಕೊನೆಗೆ ಹೈಡ್ರೋಕ್ಲೋರಿಕ್ ಆಮ್ಲ ಇಳಿಸಿದರೆ ಪುಡಿ ನೊರೆಗಟ್ಟಿ ಕರಗುತ್ತದೆ, ಬಂಡೆಯ ಬಾಯಿ ತೆರೆಯುತ್ತದೆ.