ಬರಿದಲ್ಲದ ಬಯಲು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಪರಿಚಯ

ಕರ್ನಾಟಕದ ಭೂಪಟವನ್ನು ಎದುರಿಗಿಟ್ಟುಕೊಂಡು, ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ ಬೆರಳನ್ನಾಡಿಸಿದರೆ ಹಿರಿಯೂರಾದ ಮೇಲೆ ಚಳ್ಳಕೆರೆ ಸಿಕ್ಕುವುದು. ತಳುಕನ್ನು ಹಾದು ಇನ್ನೂ ಉತ್ತರಕ್ಕೆ ನಡೆದರೆ ಮೊಳಕಾಲ್ಮೂರು ತಾಲ್ಲೂಕಿನ ಮೇರೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಪೂರ್ವಕ್ಕೆ ಆಂಧ್ರಪ್ರದೇಶದ ಅನಂತಪುರ ಸೀಮೆ, ಉತ್ತರಕ್ಕೆ ಬಳ್ಳಾರಿ. ಕನ್ನಡ ತೆಲುಗುಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುವ ನಾಡಿದು. ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆ ನಡೆದಾಗ ಗಡಿಯ ಎರಡು ಕಡೆಯ ಜನರೂ ಅಲ್ಲಿ ನೆರೆಯುತ್ತಾರೆ. ತಮ್ಮ ಹೊಲದ ಬೆಳೆಯಾದ ಈರುಳ್ಳಿಯನ್ನೇ ದೇವಿಗೆ ತೂರಿ ಹರಕೆ ಸಲ್ಲಿಸುತ್ತಾರೆ.

ಜಾತ್ರೆಯ ಹೊರತಾಗಿ ಮಿಕ್ಕ ದಿನಗಳಲ್ಲಿ ಇಲ್ಲಿ ಹಾದುಹೋಗುವ ಪ್ರಯಾಣಿಕನಿಗೆ ಕಾಣುವುದೇನು? ಜಾಲಿಯ ಪೊದೆ, ಒಣಗಿದ ಹುಲ್ಲು, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳ ಗುಡ್ಡ, ದೂರದಲ್ಲೊಂದು ಕುರಿಮಂದೆ. “ಇಲ್ಲಿ ಏನೂ ಇಲ್ಲ” ಎಂದು ಆತನು ಕಣ್ಣು ಮುಚ್ಚುವುದು ಸಹಜ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸುವುದೇ ನಮ್ಮ ಈ ಲೇಖನದ ಉದ್ದೇಶ. ಇದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಒಂದು ನೆಲವನ್ನು ಬರಿದೆಂದು ಕರೆಯುವುದರ ಮೇಲೆ ಆ ನೆಲದ ಭವಿಷ್ಯವೂ ನಿಂತಿರುತ್ತದೆ.

ಮೋಡವೇಕೆ ಒಲಿಯದು?

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಸುರಿಯುವುದು. ಅಲ್ಲಿಂದ ನೇರವಾಗಿ ಅಳೆದರೆ ಸುಮಾರು 200 ಕಿಲೋಮೀಟರು ದೂರದಲ್ಲಿರುವ ಚಳ್ಳಕೆರೆಯಲ್ಲಿ ಅದು 500 ಮಿಲಿಮೀಟರನ್ನು ಮುಟ್ಟುವುದೇ ಕಷ್ಟ. ಇಷ್ಟು ಸಮೀಪದಲ್ಲಿ ಇಷ್ಟು ಅಂತರವೇಕೆ?

ಉತ್ತರವು ಭೌತಶಾಸ್ತ್ರದ ಪ್ರಥಮ ಪಾಠಗಳಲ್ಲಿಯೇ ಇದೆ. ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿಯು ಪಶ್ಚಿಮಘಟ್ಟವನ್ನು ಏರಬೇಕು. ಮೇಲೇರಿದಂತೆ ಸುತ್ತಲಿನ ಒತ್ತಡ ಕಡಮೆಯಾಗುವುದರಿಂದ ಗಾಳಿಯು ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣಿದ ಗಾಳಿಯಲ್ಲಿ ಆವಿಯು ಹನಿಗಟ್ಟಿ ಮಳೆಯಾಗುವುದು. ಘಟ್ಟದ ನೆತ್ತಿಯನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಇದೇ ಕ್ರಿಯೆ ತಿರುಗುಮುರುಗಾಗುತ್ತದೆ: ಗಾಳಿಯು ಕುಗ್ಗಿ, ಪ್ರತಿ ಕಿಲೋಮೀಟರು ಇಳಿತಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯಾಗುವುದು. ಬಿಸಿಗಾಳಿಯಲ್ಲಿ ಉಳಿದ ಅಲ್ಪ ಆವಿಯೂ ಹನಿಗಟ್ಟಲೊಲ್ಲದು. ಆದುದರಿಂದ ಜೂನ್ ಜುಲೈ ತಿಂಗಳುಗಳಲ್ಲಿ ಈ ಸೀಮೆಯ ಮೇಲೆ ಮೋಡಗಳ ಮೆರವಣಿಗೆ ನಡೆದರೂ ಮಳೆಯಾಗುವುದು ಅಪರೂಪ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಮಳೆಯೇ ರೈತನಿಗೆ ಮುಖ್ಯ ಆಸರೆ.

ಸೀಮೆಯ ನದಿ ವೇದಾವತಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು 1907ರಲ್ಲಿ ವಾಣಿವಿಲಾಸ ಸಾಗರವನ್ನು ಕಟ್ಟಿ ಮುಗಿಸಿದರು. ಅಲ್ಲಿಂದ ಮುಂದೆ ನದಿಯು ಚಳ್ಳಕೆರೆ ತಾಲ್ಲೂಕನ್ನು ಹಾದು, ಆಂಧ್ರವನ್ನು ಹೊಕ್ಕು, ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುವುದು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಆ ಜಲಾಶಯವು ಮತ್ತೆ ತುಂಬಿ ಹರಿದುದು 2022ರ ಸೆಪ್ಟೆಂಬರಿನಲ್ಲಿ, ಎಂದರೆ 89 ವರ್ಷಗಳ ತರುವಾಯ! ಈ ನಾಡಿನ ನೀರಿನ ಸ್ಥಿತಿಯನ್ನು ತಿಳಿಸಲು ಈ ಒಂದು ಅಂಕಿಯೇ ಸಾಕು.

ಬಂಡೆಯ ಮೇಲಿನ ಆಜ್ಞೆ

ಇಂತಹ ಒಣನಾಡಿನಲ್ಲಿ ಯಾರು ನೆಲಸಿಯಾರು ಎಂದು ಕೇಳುವವರಿಗೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳೇ ಉತ್ತರ ಹೇಳುತ್ತವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಹೊರೆಯ ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿ.ಪೂ. 3ನೆಯ ಶತಮಾನದ ಈ ಬರಹಗಳು ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಗಳು. ತಂದೆತಾಯಿಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅವುಗಳ ಸಾರ. ಇಸಿಲವು ಬ್ರಹ್ಮಗಿರಿಯ ಬುಡದಲ್ಲಿಯೇ ಇದ್ದ ಪಟ್ಟಣವೆಂದು ವಿದ್ವಾಂಸರ ಅಭಿಪ್ರಾಯ.

ಶಾಸನದ ಕೊನೆಯಲ್ಲಿ ಒಂದು ಸ್ವಾರಸ್ಯವಿದೆ. ಬರೆದವನು ಚಪಡನೆಂಬ ಲಿಪಿಕಾರ. ಇಡೀ ಬರಹವು ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯಲ್ಲಿದ್ದರೂ, ತನ್ನ ಕಸುಬನ್ನು ಹೇಳುವ ಪದವೊಂದನ್ನು ಮಾತ್ರ ಆತನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಕಡೆಯ, ಎಂದರೆ ಭಾರತದ ವಾಯವ್ಯ ಮೂಲೆಯ ಲಿಪಿ. ಅಷ್ಟು ದೂರದ ವಿದ್ಯೆಯನ್ನು ಬಲ್ಲವನೊಬ್ಬನು ಇಲ್ಲಿ ಕುಳಿತು ಬರೆದನೆಂದ ಮೇಲೆ ಈ ಸೀಮೆಯು ಅಂದಿಗೆ ಮೂಲೆಯ ನಾಡಾಗಿರಲಿಲ್ಲವೆಂಬುದು ಸ್ಪಷ್ಟ.

ಮಣ್ಣಿನ ಪದರ, ಇದ್ದಿಲಿನ ಗಡಿಯಾರ

ಶಾಸನಕ್ಕಿಂತಲೂ ಹಳೆಯ ಚರಿತ್ರೆಯು ಮಣ್ಣಿನೊಳಗೆ ಅಡಗಿತ್ತು. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಬ್ರಹ್ಮಗಿರಿಯಲ್ಲಿ ಮೊದಲು ಅಗೆತವನ್ನು ನಡೆಸಿದರು. ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಪದರಪದರವಾಗಿ ಅಗೆದು, ಒಂದರ ಮೇಲೊಂದು ಕುಳಿತ ಮೂರು ಸಂಸ್ಕೃತಿಗಳನ್ನು ಗುರುತಿಸಿದರು: ಎಲ್ಲಕ್ಕೂ ಕೆಳಗೆ ನುಣುಪಾದ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣವನ್ನು ಬಲ್ಲ, ಸತ್ತವರಿಗೆ ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದ ಜನ, ಅದರ ಮೇಲೆ ಆಂಧ್ರ ಅಥವಾ ಸಾತವಾಹನ ಕಾಲದ ಜನ.

ಯಾವ ಪದರವು ಮೊದಲಿನದು ಎಂಬುದನ್ನು ಪದರಗಳೇ ತಿಳಿಸುತ್ತವೆ. ಎಷ್ಟು ವರ್ಷ ಹಳೆಯದು ಎಂಬುದನ್ನು ಅವು ತಿಳಿಸಲಾರವು. ವೀಲರ್ ಅವರಿಗೆ ದೊರೆತ ಆಧಾರ ಒಂದು ಬಗೆಯ ಮಡಕೆ. ಅದೇ ಬಗೆಯ ಮಡಕೆಯು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಪಾತ್ರೆಗಳ ಜೊತೆಗೆ ಸಿಕ್ಕಿತ್ತು. ರೋಮನ್ ಪಾತ್ರೆಗಳ ಕಾಲ ಗೊತ್ತಿದ್ದುದರಿಂದ ಬ್ರಹ್ಮಗಿರಿಯ ಮೇಲಿನ ಪದರಕ್ಕೂ ಕಾಲ ದೊರೆಯಿತು. ಅಲ್ಲಿಂದ ಕೆಳಕ್ಕೆ ಎಣಿಸುತ್ತ, ಕಲ್ಲುಕೊಡಲಿಯ ಜನರು ಕ್ರಿ.ಪೂ. 1000ದ ಈಚೆಗೆ ಇಲ್ಲಿ ನೆಲಸಿದರೆಂದು ಅವರು ಅಂದಾಜು ಮಾಡಿದರು.

ಎರಡೇ ವರ್ಷಗಳ ತರುವಾಯ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಅವರು ಹೊಸದೊಂದು ಗಡಿಯಾರವನ್ನು ಲೋಕಕ್ಕೆ ಕೊಟ್ಟರು. ಜೀವಿಗಳೆಲ್ಲವೂ ಉಸಿರಿನಿಂದಲೋ ಆಹಾರದಿಂದಲೋ ಇಂಗಾಲವನ್ನು ಪಡೆಯುತ್ತವೆ. ಅದರಲ್ಲಿ ಅತ್ಯಲ್ಪ ಅಂಶ ವಿಕಿರಣಶೀಲವಾದ ಇಂಗಾಲ-14. ಜೀವಿಯು ಸತ್ತೊಡನೆ ಹೊಸ ಇಂಗಾಲ ಒಳಸೇರುವುದು ನಿಲ್ಲುವುದು. ಒಳಗಿದ್ದ ಇಂಗಾಲ-14 ಮಾತ್ರ 5,730 ವರ್ಷಗಳಿಗೆ ಅರ್ಧದಂತೆ ಕ್ಷಯಿಸುತ್ತ ಹೋಗುವುದು. ಹಳೆಯ ಒಲೆಯ ಇದ್ದಿಲ ಚೂರಿನಲ್ಲಿ ಎಷ್ಟು ಉಳಿದಿದೆಯೆಂದು ಅಳೆದರೆ ಮರ ಸತ್ತ ಕಾಲ ತಿಳಿಯುತ್ತದೆ. ದಕ್ಷಿಣದ ಕಲ್ಲುಕೊಡಲಿಯ ನೆಲೆಗಳ ಇದ್ದಿಲನ್ನು ಹೀಗೆ ಅಳೆದಾಗ ಆ ಸಂಸ್ಕೃತಿಯ ಆರಂಭವು ಸಾವಿರ ವರ್ಷಗಳಿಗೂ ಮಿಗಿಲಾಗಿ ಹಿಂದೆ ಸರಿದು, ಕ್ರಿ.ಪೂ. 3ನೆಯ ಸಹಸ್ರಮಾನವನ್ನು ಮುಟ್ಟಿತು. ಆ ಜನರ ಮುಖ್ಯ ಸಂಪತ್ತು ದನಗಳೆಂಬುದೂ ತಿಳಿದುಬಂದಿತು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಅವರ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಆದವು.

ದನ, ಕುರಿ, ಮಗ್ಗ

ಬೇಸಾಯಕ್ಕೆ ಸಾಲದ ಮಳೆ ಹುಲ್ಲಿಗೆ ಸಾಕು. ಆದುದರಿಂದ ಹುಲ್ಲನ್ನು ಹಾಲಾಗಿ, ದುಡಿಮೆಯಾಗಿ, ಉಣ್ಣೆಯಾಗಿ ಮಾರ್ಪಡಿಸುವ ಪ್ರಾಣಿಗಳನ್ನು ಸಾಕುವುದೇ ಈ ಹವೆಗೆ ತಕ್ಕ ಜಾಣತನ. ನಾಲ್ಕು ಸಾವಿರ ವರ್ಷಗಳಾದರೂ ಆ ಜಾಣತನ ಇಲ್ಲಿ ಅಳಿದಿಲ್ಲ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಿಂಡುಗಳನ್ನು ಇಂದಿಗೂ ಸಾಕುವರು. ಅವುಗಳನ್ನು ಕಾಯುವ ಕಿಲಾರಿಗಳಿಗೆ ಸಮಾಜದಲ್ಲಿ ವಿಶೇಷ ಗೌರವವುಂಟು. ಮೈಸೂರಿನ ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆಂದು ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆದ ದನಗಳ ಇಲಾಖೆಯು ಸೈನ್ಯದ ಸಾಮಾನು ಸಾಗಿಸುವ ಎತ್ತುಗಳಿಗಾಗಿ ವಿಸ್ತಾರವಾದ ಹುಲ್ಲುಗಾವಲುಗಳನ್ನು ಕಾದಿರಿಸಿತು. ಇವುಗಳಿಗೆ ‘ಕಾವಲು’ ಎಂದು ಹೆಸರು. ಅವುಗಳಲ್ಲಿ ಕೆಲವು ಚಳ್ಳಕೆರೆ ತಾಲ್ಲೂಕಿನಲ್ಲಿವೆ.

ಕುರಿಯ ಕರಿ ಉಣ್ಣೆಯಿಂದ ನೇದ ಚಳ್ಳಕೆರೆಯ ಕಂಬಳಿಯು ನಾಡಿಗೆಲ್ಲ ಹೆಸರಾದುದು. ನೂಲಿಗೆ ಹುಣಸೆಬೀಜದ ಅಂಟನ್ನು ಹಚ್ಚುವುದರಿಂದ ಅದು ಗಟ್ಟಿಯಾಗುವುದು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಶಾಖವನ್ನು ಸುಲಭವಾಗಿ ದಾಟಗೊಡದು. ಚಳಿಗೂ ಬಿಸಿಲಿಗೂ ಕುರುಬನ ಹೆಗಲ ಮೇಲೆ ಒಂದೇ ಕಂಬಳಿಯಿರುವುದರ ಗುಟ್ಟು ಇದೇ. ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನೀರನ್ನು ಹಿಡಿದಿಡುವ ವಿದ್ಯೆಗೂ ಇಲ್ಲಿ ಪೂಜ್ಯಸ್ಥಾನ: ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಐದು ಕೆರೆಗಳನ್ನು ಕಟ್ಟಿಸಿದವರೆಂದೇ ಜನರು ನೆನೆಯುತ್ತಾರೆ.

ಕಾವಲಿನ ಮೇಲೆ ಪುಷ್ಪಕ

ಮೇಲೆ ಹೇಳಿದ ಕಾವಲುಗಳೇ ಈ ಶತಮಾನದಲ್ಲಿ ಸೀಮೆಯ ಹೆಸರನ್ನು ದೇಶದ ವಿಜ್ಞಾನಭೂಪಟದ ಮೇಲೆ ಬರೆದವು. ಮಟ್ಟಸವಾದ ನೆಲ, ವಿರಳ ಜನವಸತಿ, ವರ್ಷದ ಬಹುಭಾಗ ನಿರ್ಮಲವಾದ ಆಕಾಶ ಇವು ವೈಮಾನಿಕ ಪರೀಕ್ಷೆಗಳಿಗೆ ಅನುಕೂಲ. ಸುಮಾರು 10,000 ಎಕರೆ ಕಾವಲನ್ನು ಹಲವು ಸಂಸ್ಥೆಗಳಿಗೆ ಹಂಚಲಾಯಿತು. ಕುದಾಪುರದ ಸುಮಾರು 1,500 ಎಕರೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ತಲೆಯೆತ್ತಿ, ಅಲ್ಲಿ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಸುಮಾರು 4,290 ಎಕರೆ ಪಡೆದ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆಯು 2017ರ ಮೇ ತಿಂಗಳಿನಲ್ಲಿ ಉದ್ಘಾಟನೆಗೊಂಡಿತು.

ಆ ನೆಲೆಯ ಓಡುದಾರಿಯ ಮೇಲೆಯೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ‘ಪುಷ್ಪಕ’ವು 2023ರ ಏಪ್ರಿಲ್ 2ರಂದು, 2024ರ ಮಾರ್ಚ್ 22ರಂದು, ಅದೇ ವರ್ಷದ ಜೂನ್ 23ರಂದು ತಾನೇ ತಾನಾಗಿ ಬಂದಿಳಿಯಿತು. ಹೆಲಿಕಾಪ್ಟರೊಂದು ಈ ರೆಕ್ಕೆಯುಳ್ಳ ವಾಹನವನ್ನು 4.5 ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಚಾಲಕನೂ ಇಲ್ಲ, ದೂಡುವ ಎಂಜಿನ್ನೂ ಇಲ್ಲ. ಗಣಕಯಂತ್ರವೇ ದಿಕ್ಕನ್ನು ತಿದ್ದಿಕೊಳ್ಳಬೇಕು.

ಪುಷ್ಪಕದ ರೆಕ್ಕೆಗಳು ಚಿಕ್ಕವು. ಚಿಕ್ಕ ರೆಕ್ಕೆಯು ಸಾಕಷ್ಟು ಎತ್ತುಬಲವನ್ನು ಕೊಡಬೇಕಾದರೆ ವೇಗವು ಹೆಚ್ಚಾಗಿರಬೇಕು. ಪ್ರಯಾಣಿಕರ ವಿಮಾನವು ಗಂಟೆಗೆ ಸುಮಾರು 260 ಕಿಲೋಮೀಟರು ವೇಗದಲ್ಲಿ ನೆಲವನ್ನು ಮುಟ್ಟಿದರೆ, ಪುಷ್ಪಕವು 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಮುಟ್ಟಿತು. ಒಡನೆಯೇ ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು ಸುಮಾರು 100 ಕಿಲೋಮೀಟರಿಗೆ ಇಳಿಸಿತು. ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣ. ವೇಗವು 3.2ರಲ್ಲಿ ಒಂದು ಪಾಲಾದರೆ ಶಕ್ತಿಯು ಸುಮಾರು 10ರಲ್ಲಿ ಒಂದು ಪಾಲಾಗುವುದು. ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಹೀಗೆ ಮೊದಲೇ ತಗ್ಗಿಹೋಗುತ್ತದೆ. ಚಕ್ರದ ಬ್ರೇಕುಗಳಿಗೆ ಉಳಿಯುವುದು ಒಂದೇ ಪಾಲು.

ಬರಿದೆಂಬ ಮಾತು

ಇದು ಹೆಮ್ಮೆಯ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಾಗದದ ಮೇಲೆ ಕಾವಲು ಖಾಲಿ ಜಮೀನು. ಸುತ್ತಲಿನ ಹಳ್ಳಿಗಳ ಪಾಲಿಗೆ ಅದು ಕುರಿ ದನಗಳ ಮೇವು, ಕಂಬಳಿ ನೇಯುವವನ ಉಣ್ಣೆ, ಕೃಷ್ಣಮೃಗದ ಮನೆ. ಗೋಡೆಗಳು ಎದ್ದಾಗ ಮಂದೆಗಳ ದಾರಿ ಮುಚ್ಚಿತು. ಜನರು ಪ್ರತಿಭಟಿಸಿದರು, ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ರಾಷ್ಟ್ರಕ್ಕೆ ಪ್ರಯೋಗಶಾಲೆಯೂ ಬೇಕು, ಓಡುದಾರಿಯೂ ಬೇಕು. ಅದರ ಬೆಲೆಯನ್ನು ಯಾರು ಎಷ್ಟು ತೆತ್ತರು ಎಂಬುದನ್ನು ಅಳೆಯದೆ ಬಿಡುವುದು ವಿಜ್ಞಾನದ ಪದ್ಧತಿಯಲ್ಲ. ಮೇವು ಎಷ್ಟಿತ್ತು, ಎಷ್ಟು ಮಂದೆಗಳು ಅದನ್ನು ನಂಬಿದ್ದವು, ಬದಲಿಗೆ ಏನು ದೊರೆಯಿತು ಎಂಬ ಪ್ರಶ್ನೆಗಳಿಗೂ ಇಂಗಾಲ-14ರ ಅಳತೆಯಷ್ಟೇ ಕಟ್ಟುನಿಟ್ಟಾದ ಉತ್ತರ ಬೇಕು.

ನೀರಿನ ಮಾತೂ ಹಾಗೆಯೇ. ಭದ್ರಾ ಮೇಲ್ದಂಡೆ ಯೋಜನೆಯಿಂದ ಈ ಜಿಲ್ಲೆಗೆ ನೀರು ತರುವ ಕೆಲಸಕ್ಕೆ 2023ರ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂಪಾಯಿಗಳ ನೆರವು ಘೋಷಣೆಯಾಯಿತು. ಹೊರಗಿನ ನೀರು ಬಂದರೂ ಆಗಸದಿಂದ ಬೀಳುವ ಮಳೆ ಹೆಚ್ಚುವುದಿಲ್ಲ. ಕೆರೆಯ ಹೂಳೆತ್ತುವುದು, ಹುಲ್ಲನ್ನು ಉಳಿಸುವುದು, ಕಡಮೆ ನೀರಿನಲ್ಲಿ ಬೆಳೆಯುವ ಶೇಂಗಾ ಈರುಳ್ಳಿಗಳಿಗೆ ತಕ್ಕ ಬೆಲೆ ಕೊಡಿಸುವುದು ಇವು ಎಂದೆಂದಿಗೂ ಉಳಿಯುವ ಕೆಲಸಗಳು.

ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಒಮ್ಮೆ ಈ ಸೀಮೆಗೆ ಹೋಗಿಬರಲಿ. ಬ್ರಹ್ಮಗಿರಿಯ ಶಾಸನವನ್ನು ನೋಡಲಿ. ಚಳ್ಳಕೆರೆಯ ಸಂತೆಯಲ್ಲಿ ಕಂಬಳಿಯನ್ನು ಮುಟ್ಟಿ ನೋಡಲಿ. ಕಿಲಾರಿಯೊಬ್ಬನನ್ನು ಕಂಡು, ಯಾವ ತಿಂಗಳಿನಲ್ಲಿ ಯಾವ ಹುಲ್ಲು ಬರುವುದೆಂದು ಕೇಳಲಿ. ಆತನು ಹೇಳುವುದನ್ನು ಬರೆದುಕೊಂಡರೆ ಅದೂ ಒಂದು ವೈಜ್ಞಾನಿಕ ದಾಖಲೆಯೇ ಆಗುವುದು.