ಮನೆಯೊಳಗಿನ ಚುನಾವಣೆ

2018ನೆಯ ಇಸವಿ ಜೂನ್ 26ರ ರಾತ್ರಿ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಜೋಸೆಫ್ ಕ್ರೌಲಿ ಎಂಬ ಹಿರಿಯ ರಾಜಕಾರಣಿ ತಮ್ಮ ಬೆಂಬಲಿಗರೆದುರು ಗಿಟಾರ್ ಹಿಡಿದು ನಿಂತಿದ್ದರು. ತಾವು ಸೋತ ಸುದ್ದಿ ಆಗಲೇ ಅವರಿಗೆ ತಲುಪಿತ್ತು. ಆದರೂ ಮುಖ ಬಾಡಿಸದೆ, ತಮ್ಮನ್ನು ಸೋಲಿಸಿದ ಇಪ್ಪತ್ತೆಂಟರ ತರುಣಿಯ ಹೆಸರು ಹೇಳಿ, ಹಾಡೊಂದನ್ನು ಆಕೆಗೆ ಅರ್ಪಿಸಿ ಬಾರಿಸಿದರು.

ಆ ತರುಣಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್. ಎದುರು ಪಕ್ಷದವಳಲ್ಲ, ಕ್ರೌಲಿಯವರ ಡೆಮೊಕ್ರಾಟಿಕ್ ಪಕ್ಷದವಳೇ. ಕೆಲವೇ ತಿಂಗಳ ಹಿಂದೆ ಹೋಟಲೊಂದರಲ್ಲಿ ಪಾನೀಯ ಬಡಿಸುತ್ತ ಜೀವನ ಸಾಗಿಸುತ್ತಿದ್ದವಳು. ಕ್ರೌಲಿಯವರೋ 1999ರಿಂದ ಪ್ರತಿನಿಧಿ ಸಭೆಯ ಸದಸ್ಯರು, ಅಲ್ಲಿ ತಮ್ಮ ಪಕ್ಷದ ನಾಲ್ಕನೆಯ ಸ್ಥಾನದ ಮುಂದಾಳು, ಕ್ವೀನ್ಸ್ ಜಿಲ್ಲಾ ಪಕ್ಷದ ಅಧ್ಯಕ್ಷರು. ಹದಿನಾಲ್ಕು ವರ್ಷಗಳಿಂದ ಸ್ವಪಕ್ಷದಲ್ಲಿ ಅವರಿಗೆ ಇದಿರಾಗಿ ನಿಂತವರೇ ಇರಲಿಲ್ಲ.

ಇಂಥ ಸ್ಪರ್ಧೆ ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಪಕ್ಷದ ಟಿಕೆಟ್ಟನ್ನು ಹಂಚುವವರು ವರಿಷ್ಠರು. ಟಿಕೆಟ್ ತಪ್ಪಿದವನು ಮುನಿಸಿಕೊಂಡು ಪಕ್ಷ ಬಿಡಬೇಕು, ಇಲ್ಲವೆ ಮುಂದಿನ ಸಲಕ್ಕೆ ಕಾಯಬೇಕು. ಅಮೆರಿಕೆಯಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಮುಚ್ಚಿದ ಕೋಣೆಗಳಲ್ಲಿ ಕುಳಿತ ಹಿರಿಯರು ಉಮೇದುವಾರರನ್ನು ಗೊತ್ತುಮಾಡುತ್ತಿದ್ದರು. ವಿಸ್ಕಾನ್ಸಿನ್ ಸಂಸ್ಥಾನದ ರಾಬರ್ಟ್ ಲಾ ಫಾಲೆಟ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 1904ರಲ್ಲಿ ಅಲ್ಲಿನ ಮತದಾರರು ಹೊಸ ಕಾನೂನೊಂದಕ್ಕೆ ಒಪ್ಪಿಗೆಯಿತ್ತರು: ಪಕ್ಷದ ಉಮೇದುವಾರನನ್ನು ಜನರೇ ಮತ ಹಾಕಿ ಆರಿಸಬೇಕು. ಕ್ರಮೇಣ ಈ ಪದ್ಧತಿ ದೇಶವನ್ನೆಲ್ಲ ವ್ಯಾಪಿಸಿತು. ಇದೇ ‘ಪ್ರೈಮರಿ’, ಅಂದರೆ ಮನೆಯೊಳಗಿನ ಚುನಾವಣೆ.

ಬಾಗಿಲಿದೆ, ಕಾವಲೂ ಇದೆ

ಅಲ್ಲಿನ ಬಹುಪಾಲು ಕ್ಷೇತ್ರಗಳಲ್ಲಿ ಗೆಲ್ಲುವ ಪಕ್ಷ ಯಾವುದೆಂಬುದು ಮೊದಲೇ ನಿಶ್ಚಿತ. ಕ್ವೀನ್ಸ್ ಮತ್ತು ಬ್ರಾಂಕ್ಸ್ ಭಾಗಗಳ ಆ ಕ್ಷೇತ್ರದಲ್ಲಿ ಡೆಮೊಕ್ರಾಟರು ಸೋಲುವ ಮಾತೇ ಇಲ್ಲ. ಹಾಗಾದರೆ ಅಲ್ಲಿನ ನಿಜವಾದ ಚುನಾವಣೆ ಪ್ರೈಮರಿಯೇ. ಅದರಲ್ಲಿ ಯಾರೂ ಇದಿರು ನಿಲ್ಲದಿದ್ದರೆ ಮತದಾರನಿಗೆ ಉಳಿಯುವುದು ಆಯ್ಕೆಯಲ್ಲ, ಬರಿಯ ಅನುಮೋದನೆ.

ಕ್ರೌಲಿಯವರನ್ನು ದುಷ್ಟರೆಂದು ಚಿತ್ರಿಸುವುದು ನ್ಯಾಯವಲ್ಲ. ಎಲ್ಲರಿಗೂ ಸರ್ಕಾರದ ಆರೋಗ್ಯ ವಿಮೆ ಬೇಕೆಂಬ ಮಸೂದೆಗೆ ಅವರೂ ಬೆಂಬಲವಿತ್ತಿದ್ದರು. ಆದರೆ ಅವರ ನಿಧಿಗೆ ದೊಡ್ಡ ಉದ್ಯಮಗಳ ಹಣ ಹರಿದುಬರುತ್ತಿತ್ತು. ಅದನ್ನು ಮುಟ್ಟೆನೆಂದ ತರುಣಿ ಸಾಮಾನ್ಯರ ಸಣ್ಣ ಕಾಣಿಕೆಗಳನ್ನೇ ನೆಚ್ಚಿ ಬೀದಿಬೀದಿ ಅಲೆದಳು. ಆಕೆಯ ವೆಚ್ಚದ ಹತ್ತು ಪಟ್ಟಿಗೂ ಮಿಕ್ಕ ಹಣವನ್ನು ಕ್ರೌಲಿ ಸುರಿದರು. ಒಂದು ಚರ್ಚಾ ಸಭೆಗೆ ತಾವು ಬಾರದೆ ಬೇರೊಬ್ಬರನ್ನು ಕಳುಹಿದರು. ಮತದಾರರು ಅದನ್ನು ಗಮನಿಸದೆ ಹೋಗಲಿಲ್ಲ.

ಈ ಫಲಿತಾಂಶದಿಂದ ಪಕ್ಷದ ಹಿರಿಯರು ಪಾಠ ಕಲಿತರು. ಆದರೆ ಕಲಿತದ್ದು ಬೇರೊಂದು ಪಾಠ. 2019ರಲ್ಲಿ, ಪ್ರತಿನಿಧಿ ಸಭೆಯ ಚುನಾವಣೆಗಳನ್ನು ನೋಡಿಕೊಳ್ಳುವ ಪಕ್ಷದ ಸಮಿತಿಯು ಒಂದು ಕಟ್ಟಳೆ ಮಾಡಿತು: ಹಾಲಿ ಸದಸ್ಯರಿಗೆ ಇದಿರು ನಿಲ್ಲುವವರಿಗಾಗಿ ದುಡಿಯುವ ಪ್ರಚಾರ ಸಲಹೆಗಾರರಿಗೆ ಇನ್ನು ತನ್ನಿಂದ ಕೆಲಸ ದೊರೆಯದು! ಬಾಗಿಲನ್ನು ಕಾನೂನು ತೆರೆದಿಟ್ಟರೆ, ಹಿರಿಯರು ಹೊಸಲಿನ ಮೇಲೆ ಕಾವಲು ಕುಳಿತರು. ಟೀಕೆ ಬಲವಾದ ಮೇಲೆ 2021ರಲ್ಲಿ ಆ ಕಟ್ಟಳೆಯನ್ನು ಕೈಬಿಡಲಾಯಿತು.

ಗೆಲ್ಲಬಲ್ಲವರು ಯಾರು?

ಹಿರಿಯರ ವಾದವನ್ನೂ ಕೇಳಬೇಕು. “ಆದರ್ಶ ಒಳ್ಳೆಯದೇ. ಆದರೆ ಎದುರು ಪಕ್ಷವನ್ನು ಸೋಲಿಸಲು ನಡುದಾರಿಯವರೇ ಬೇಕು” ಎಂಬುದು ಅವರ ನಿಲುವು. 2022ರಲ್ಲಿ ಆರೆಗಾನ್ ಸಂಸ್ಥಾನದ ಐದನೆಯ ಕ್ಷೇತ್ರ ಇದಕ್ಕೆ ಸಾಕ್ಷಿ ನುಡಿಯಿತು. ಅಧ್ಯಕ್ಷ ಬೈಡನ್ನರ ಬೆಂಬಲವಿದ್ದ ಮಧ್ಯಮಮಾರ್ಗಿ ಕರ್ಟ್ ಶ್ರೇಡರ್ ಅವರನ್ನು ಪ್ರಗತಿಪರ ಉಮೇದುವಾರರಾದ ಜೇಮಿ ಮೆಕ್ಲಿಯಾಡ್-ಸ್ಕಿನ್ನರ್ ಪ್ರೈಮರಿಯಲ್ಲಿ ಸೋಲಿಸಿದರು. ನವೆಂಬರಿನಲ್ಲಿ ಆ ಸ್ಥಾನ ಅಲ್ಪ ಅಂತರದಿಂದ ರಿಪಬ್ಲಿಕನ್ನರ ಪಾಲಾಯಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. 2020ರಲ್ಲಿ ಕೆಂಟಕಿಯ ಸೆನೆಟ್ ಸ್ಥಾನಕ್ಕೆ ಪಕ್ಷದ ಹಿರಿಯರು ಆರಿಸಿದ್ದು ನಿವೃತ್ತ ಯುದ್ಧವಿಮಾನ ಚಾಲಕಿ ಏಮಿ ಮೆಕ್‌ಗ್ರಾತ್ ಅವರನ್ನು. ಚಾರ್ಲ್ಸ್ ಬುಕರ್ ಎಂಬ ತರುಣ ಶಾಸಕರು ಕೊಂಚವೇ ಹಣದಿಂದ ಸ್ಪರ್ಧಿಸಿ, ಶೇಕಡಾ ಮೂರಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ‘ಗೆಲ್ಲಬಲ್ಲವರು’ ಎನಿಸಿದ್ದ ಮೆಕ್‌ಗ್ರಾತ್ ಎಂಟು ಕೋಟಿ ಡಾಲರಿಗೂ ಮಿಕ್ಕು ಕೂಡಿಸಿದರೂ, ಮಿಚ್ ಮೆಕಾನೆಲ್ ಅವರೆದುರು ಶೇಕಡಾ ಸುಮಾರು ಇಪ್ಪತ್ತರ ಅಂತರದಿಂದ ಪರಾಭವಗೊಂಡರು.

ಹಾಗೆಂದು ಪ್ರೈಮರಿಯಲ್ಲಿ ಹಣದ ಆಟ ನಡೆಯದೆಂದಲ್ಲ. ಹದಿನಾರು ಅವಧಿಗಳ ಹಿರಿಯ ಎಲಿಯಟ್ ಎಂಗೆಲ್ ಅವರನ್ನು 2020ರಲ್ಲಿ ಸೋಲಿಸಿದ ಶಾಲಾ ಮುಖ್ಯೋಪಾಧ್ಯಾಯ ಜಮಾಲ್ ಬೌಮನ್, 2024ರ ಪ್ರೈಮರಿಯಲ್ಲಿ ತಾವೇ ಸೋತರು. ಇಸ್ರೇಲ್ ಪರವಾದ ಸಂಘಟನೆಯೊಂದು ಅವರ ವಿರುದ್ಧ ಒಂದು ಕೋಟಿ ಡಾಲರಿಗೂ ಹೆಚ್ಚು ವ್ಯಯಿಸಿತ್ತು.

ಇದರಿಂದ ತಿಳಿಯುವುದಿಷ್ಟೆ: ಗೆಲುವನ್ನು ಮುಂಚಿತವಾಗಿ ಬಲ್ಲವರು ಯಾರೂ ಇಲ್ಲ, ಹಿರಿಯರೂ ಬಲ್ಲವರಲ್ಲ, ಹುರುಪಿನ ತರುಣರೂ ಬಲ್ಲವರಲ್ಲ. ಅಂದ ಮೇಲೆ ತೀರ್ಪನ್ನು ಮತದಾರನಿಗೇ ಬಿಡುವುದು ಲೇಸು. ಪ್ರೈಮರಿಯಲ್ಲಿ ತನ್ನ ನಂಬಿಕೆಗೆ ಹತ್ತಿರವಾದವರನ್ನು ಬೆಂಬಲಿಸುವುದು ಪಕ್ಷದ್ರೋಹವಲ್ಲ. ಪಕ್ಷವು ತನ್ನದೂ ಹೌದೆಂಬ ಅಭಿಮಾನ. ಗೆದ್ದವರು ಯಾರಾದರೂ ಬಳಿಕ ಅವರಿಗಾಗಿ ದುಡಿಯಲು ಅದು ಅಡ್ಡಿಯಾಗಬೇಕಿಲ್ಲ.

ನಮ್ಮ ನಾಡಿನಲ್ಲಿಯೂ ಒಮ್ಮೆ ಈ ಗಾಳಿ ಬೀಸಿತ್ತು. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ದೇಶದ ಕೆಲವು ಕ್ಷೇತ್ರಗಳಲ್ಲಿ ಇಂಥ ಒಳಚುನಾವಣೆ ನಡೆಸಿತು. ಅವುಗಳಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡವೂ ಸೇರಿದ್ದವು. ಆದರೆ ಅಲ್ಲಿ ಮತವಿದ್ದದ್ದು ಪಕ್ಷದ ಪದಾಧಿಕಾರಿಗಳು ಮೊದಲಾದ ಕೆಲವರಿಗೆ ಮಾತ್ರ. ಎರಡೂ ಕಡೆ ಆರಿಸಲ್ಪಟ್ಟವರು ಮುಖ್ಯ ಚುನಾವಣೆಯಲ್ಲಿ ಸೋತರು. ಪ್ರಯೋಗ ನೆಲೆಯೂರಲಿಲ್ಲ.

ಕೊನೆಗೆ ಮತ್ತೆ ಆ ಜೂನ್ ತಿಂಗಳ ರಾತ್ರಿಯ ಮಾತು. ಸುಮಾರು ಏಳು ಲಕ್ಷ ಜನರಿರುವ ಕ್ಷೇತ್ರದಲ್ಲಿ ಅಂದು ಮತ ಹಾಕಿದವರು ಮೂವತ್ತು ಸಾವಿರಕ್ಕೂ ಕಡಿಮೆ. ಸೋಲು ಗೆಲುವಿನ ಅಂತರ ಸುಮಾರು ನಾಲ್ಕು ಸಾವಿರ. ಆ ತರುಣಿ 2024ರಲ್ಲಿ ನಾಲ್ಕನೆಯ ಬಾರಿ ಆರಿಸಿಬಂದಳು. ಕಾವಲುಗಾರರು ಎಷ್ಟೇ ಇರಲಿ, ತೆರೆದ ಬಾಗಿಲನ್ನು ದಾಟಲು ನಾಲ್ಕು ಸಾವಿರ ಮಂದಿ ಮನೆಯಿಂದ ಹೊರಟರೆ ಸಾಕಾಯಿತು. ಮನೆಯಲ್ಲೇ ಕುಳಿತವರ ಪರವಾಗಿ ತೀರ್ಮಾನಿಸಲು ಹಿರಿಯರು ಎಲ್ಲ ದೇಶಗಳಲ್ಲಿಯೂ ಸಿದ್ಧರಾಗಿಯೇ ಇರುತ್ತಾರೆ.